ಕಡಿಮೆ ಬಜೆಟ್‌ನಲ್ಲಿ ಬಣ್ಣ ಸರಿ ತೋರಿಸುವ ಮಾನಿಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮಾನಿಟರ್ ಬಗ್ಗೆ ಕೇಳಿದವೇ ಜಾಸ್ತಿ. ಮದುವೆ ಸೀಸನ್ ಮುಗಿದು ಕೈಗೆ ಒಂದಿಷ್ಟು ದುಡ್ಡು ಬಂದಾಗ ಈ ಯೋಚನೆ ಬರುವುದು ಸಹಜ. ಕಲಬುರಗಿಯಲ್ಲಿ ಕೂತು ನಾನು ಮಾಡುವ ಕೆಲಸವೂ ಇದೇ. ಬೇರೆಯವರು ಶೂಟ್ ಮಾಡಿ ತಂದದ್ದನ್ನು ಕತ್ತರಿಸಿ, ಜೋಡಿಸಿ, ಬಣ್ಣ ತಿದ್ದಿ ಕೊಡುತ್ತೇನೆ. ಹಾಗಾಗಿ ಇಡೀ ಪುಟವನ್ನು ಈ ಪತ್ರಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಅಕ್ಕಾವ್ರೆ, ನಾನು ಮದುವೆ ವಿಡಿಯೋ ಮಾಡುತ್ತೇನೆ. ಎಡಿಟಿಂಗ್ ಎಲ್ಲಾ ಲ್ಯಾಪ್‌ಟಾಪಿನಲ್ಲೇ. ಅದರಲ್ಲಿ ಬಣ್ಣ ಛಲೋ ಕಾಣುತ್ತದೆ. ಪಾರ್ಟಿಯವರ ಕೈಗೆ ಹೋದ ಮೇಲೆ ಮುಖ ಹಳದಿ, ಸೀರೆ ಕಣ್ಣಿಗೆ ಹೊಡೆಯುವಂಥ ಕೆಂಪು. ಮೊನ್ನೆ ಒಬ್ಬ ತಾಯಿ ಫೋನ್ ಮಾಡಿ, "ನನ್ನ ಮಗಳ ಮುಖ ಯಾಕ್ ಹಿಂಗ್ ಆಗ್ಯಾದ್ರಿ?" ಅಂದರು. 20 ಸಾವಿರದ ಆಸುಪಾಸಿನಲ್ಲಿ ಒಂದು ಮಾನಿಟರ್ ತಗೋಬೇಕು ಅಂತಿದ್ದೇನೆ. 4ಕೆ ತಗೊಳ್ಳಲೋ, 144 ಹರ್ಟ್ಸ್ ತಗೊಳ್ಳಲೋ?
- ಮದುವೆ ವಿಡಿಯೋಗ್ರಾಫರ್, ಶಹಾಪುರ

ಉತ್ತರ: ಹೆಚ್ಚು ಪಿಕ್ಸೆಲ್ಲಿನ 4ಕೆ, ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ 144 ಹರ್ಟ್ಸ್, ಈ ಬಜೆಟ್ಟಿಗೆ ಎರಡೂ ಬೇಡ. ಆ ದುಡ್ಡನ್ನೆಲ್ಲ ಬಣ್ಣಕ್ಕೆ ಹಾಕಿ.

ಹೀಗೆ ಯಾಕೆ ಆಯಿತು ಅನ್ನುವುದನ್ನು ಮೊದಲು ನೋಡೋಣ. ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳ ಪರದೆಯ ವಿವರದಲ್ಲಿ '45% ಎನ್‌ಟಿಎಸ್‌ಸಿ' ಅಂತ ಬರೆದಿರುತ್ತದೆ. ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಅನ್ನುವುದರ ಒಂದು ಹಳೆಯ ಅಳತೆ ಅದು. ನಮ್ಮ ವಿಡಿಯೋಗೆ ಬೇಕಾದಷ್ಟು ಬಣ್ಣಗಳ ಹರವಿಗೆ ಎಸ್‌ಆರ್‌ಜಿಬಿ ಎನ್ನುತ್ತಾರೆ. ಅದು ಸುಮಾರು 72% ಎನ್‌ಟಿಎಸ್‌ಸಿಗೆ ಸಮ. ಲೆಕ್ಕ ಹಾಕಿ ನೋಡಿ, 45 ಇರುವ ಪರದೆ ಬೇಕಾದ ಬಣ್ಣದ ಮೂರರಲ್ಲಿ ಎರಡು ಪಾಲನ್ನೂ ತೋರಿಸುವುದಿಲ್ಲ. ಇಳಕಲ್ ಸೀರೆಯ ಕೆಂಪು ಅದರಲ್ಲಿ ಮಂಕಾಗಿ, ಇಟ್ಟಿಗೆ ಬಣ್ಣಕ್ಕೆ ತಿರುಗಿ ಕಾಣುತ್ತದೆ. ಮಂಕಾಗಿದೆ ಅಂತ ನೀವು ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆ, ಏರಿಸುತ್ತೀರಿ. ಅದೇ ಫೈಲು ಒಳ್ಳೆಯ ಫೋನಿಗೆ ಹೋದಾಗ ಕೆಂಪು ಉರಿಯುತ್ತದೆ. ಇಂಥ ಪರದೆಗಳ ಬಿಳಿಯೂ ಎಷ್ಟೋ ಸಲ ನೀಲಿ ಕಡೆಗೆ ವಾಲಿರುತ್ತದೆ. ಮುಖ ತಣ್ಣಗೆ ಕಾಣುತ್ತದೆ ಅಂತ ನೀವು ಹಳದಿ ಸೇರಿಸುತ್ತೀರಿ. ಬೇರೆ ಪರದೆಯಲ್ಲಿ ಆ ನೀಲಿ ಇರುವುದಿಲ್ಲ, ನೀವು ಹಾಕಿದ ಹಳದಿ ಮಾತ್ರ ಉಳಿಯುತ್ತದೆ. ಆ ತಾಯಿ ಕೇಳಿದ್ದು ಅದನ್ನೇ.

ಟಿವಿ, ಯೂಟ್ಯೂಬಿಗೆ ಹೋಗುವ ಸಾಮಾನ್ಯ ವಿಡಿಯೋದ ಅಳತೆಗೋಲು ರೆಕ್ 709. ಇದರ ಮೂಲ ಕೆಂಪು, ಹಸಿರು, ನೀಲಿ ಮತ್ತು ಬಿಳಿ ಎಸ್‌ಆರ್‌ಜಿಬಿಯವೇ. ಹಾಗಾಗಿ ಡಬ್ಬಿಯ ಮೇಲೆ 100% ಎಸ್‌ಆರ್‌ಜಿಬಿ ಅಥವಾ 100% ರೆಕ್ 709 ಅಂತ ಇದ್ದರೆ ನಿಮ್ಮ ಕೆಲಸಕ್ಕೆ ಬೇಕಾದ ಬಣ್ಣ ಅದರಲ್ಲಿ ಇದೆ. '16.7 ಮಿಲಿಯನ್ ಬಣ್ಣ' ಅನ್ನುವ ಸಾಲನ್ನು ನೋಡಿ ಕೊಳ್ಳಬೇಡಿ. ಅದು ಎಷ್ಟು ಮೆಟ್ಟಿಲು ಇವೆ ಅಂತ ಹೇಳುತ್ತದೆ, ಬಣ್ಣ ಎಲ್ಲಿವರೆಗೆ ಹೋಗುತ್ತದೆ ಅಂತ ಹೇಳುವುದಿಲ್ಲ.

ಪರದೆಯ ಪ್ಯಾನೆಲ್ಲುಗಳಲ್ಲಿ ಐಪಿಎಸ್, ಟಿಎನ್, ವಿಎ ಅಂತ ಬಗೆಗಳಿವೆ. ನಿಮ್ಮದು ಐಪಿಎಸ್ ಇರಲಿ. ಟಿಎನ್ ಪ್ಯಾನೆಲ್ಲಿನಲ್ಲಿ ನೀವು ಕೂತಲ್ಲೇ ಸ್ವಲ್ಪ ಬಾಗಿದರೂ ಬಣ್ಣ ಬದಲಾಗುತ್ತದೆ. ಪಾರ್ಟಿಯವರು ಪಕ್ಕದ ಕುರ್ಚಿಯಲ್ಲಿ ಕೂತರೆ ಅವರಿಗೆ ಒಂದು ಬಣ್ಣ, ನಿಮಗೆ ಇನ್ನೊಂದು. 'ಡೆಲ್ಟಾ ಇ 2ಕ್ಕಿಂತ ಕಡಿಮೆ' ಅಂತ ಬರೆದಿದ್ದರೆ ಇನ್ನೂ ಒಳ್ಳೆಯದು. ತೋರಿಸಬೇಕಾದ ಬಣ್ಣಕ್ಕೂ ತೋರಿಸುವ ಬಣ್ಣಕ್ಕೂ ಇರುವ ಅಂತರದ ಅಳತೆ ಅದು. ಕೆಲವು ಕಂಪನಿಗಳು ಫ್ಯಾಕ್ಟರಿಯಲ್ಲಿ ಅಳೆದ ಚೀಟಿಯನ್ನೂ ಡಬ್ಬಿಯೊಳಗೆ ಇಡುತ್ತವೆ.

ಹೆಸರು ಹೇಳಿ ಅಂದರೆ ನಾನು ಮೊದಲು ಹೇಳುವುದು ಆಸುಸ್ ಪ್ರೋಆರ್ಟ್ ಪಿಎ248ಕ್ಯೂವಿ. 24 ಇಂಚು, ಐಪಿಎಸ್, 100% ಎಸ್‌ಆರ್‌ಜಿಬಿ. ಇದರ ರೆಸಲ್ಯೂಷನ್ 1920x1200. ಸಾಮಾನ್ಯ ಫುಲ್ ಎಚ್‌ಡಿಗಿಂತ ಉದ್ದಕ್ಕೆ 120 ಸಾಲು ಹೆಚ್ಚು. ಟೈಮ್‌ಲೈನಿನಲ್ಲಿ ಇನ್ನೊಂದೆರಡು ಟ್ರ್ಯಾಕ್ ಕಾಣುವಷ್ಟು ಜಾಗ ಸಿಗುತ್ತದೆ. ದಿನವಿಡೀ ಎಡಿಟ್ ಮಾಡುವವರಿಗೆ ಇದು ಸಣ್ಣ ಲಾಭವಲ್ಲ. ಮುಂದೆ ದುಡ್ಡು ಕೂಡಿದರೆ ಅದೇ ಸಾಲಿನ 27 ಇಂಚಿನ ಪಿಎ278ಕ್ಯೂವಿ, ಬೆನ್‌ಕ್ಯೂ ಪಿಡಿ ಸಾಲು, ಡೆಲ್ ಅಲ್ಟ್ರಾಶಾರ್ಪ್ ನೋಡಬಹುದು. 27 ಇಂಚಿಗೆ ಹೋದರೆ 2560x1440 ಇರಲಿ. ಅಷ್ಟು ದೊಡ್ಡ ಪರದೆಯಲ್ಲಿ ಫುಲ್ ಎಚ್‌ಡಿ ಒಡೆದಂತೆ ಕಾಣುತ್ತದೆ. 4ಕೆ ಶೂಟ್ ಮಾಡಿದ್ದನ್ನು ಫುಲ್ ಎಚ್‌ಡಿ ಪರದೆಯಲ್ಲಿ ಧೈರ್ಯವಾಗಿ ಎಡಿಟ್ ಮಾಡಿ. ಫೋಕಸ್ ನೋಡಬೇಕೆಂದಾಗ ಪ್ರಿವ್ಯೂವನ್ನು 100%ಗೆ ಹಿಗ್ಗಿಸಿ ನೋಡಿದರೆ ಸಾಕು.

ತಂದ ಮೇಲೆ ಮೆನುವಿನಲ್ಲಿ ಎಸ್‌ಆರ್‌ಜಿಬಿ ಅಥವಾ ರೆಕ್ 709 ಮೋಡ್ ಹಾಕಿ. ವಿಂಡೋಸಿನ ನೈಟ್ ಲೈಟ್ ಬಂದ್ ಮಾಡಿ. ಆಮೇಲೆ ಬ್ರೈಟ್‌ನೆಸ್ ಇಳಿಸಿ. ಡಬ್ಬಿಯಿಂದ ತೆಗೆದಾಗ ಮಾನಿಟರುಗಳು ತುಂಬಾ ಪ್ರಕಾಶವಾಗಿರುತ್ತವೆ. ಗ್ರೇಡಿಂಗಿಗೆ, ಅಂದರೆ ಬಣ್ಣ ತಿದ್ದುವ ಕೆಲಸಕ್ಕೆ, ಬೇಕಾದದ್ದು 100ರಿಂದ 120 ನಿಟ್ಸ್ ಮಾತ್ರ. ನಿಟ್ ಅನ್ನುವುದು ಪರದೆಯ ಬೆಳಕಿನ ಅಳತೆ. ಅಳೆಯುವ ಯಂತ್ರ ಇಲ್ಲದಿದ್ದರೆ ಒಂದು ಬಿಳಿ ಹಾಳೆಯನ್ನು ಮಾನಿಟರಿನ ಪಕ್ಕ ಹಿಡಿಯಿರಿ. ಪರದೆಯ ಬಿಳಿ ಮತ್ತು ಹಾಳೆಯ ಬಿಳಿ ಹೆಚ್ಚುಕಡಿಮೆ ಒಂದೇ ಆಗುವವರೆಗೆ ಇಳಿಸಿ. ಮೊದಲ ಎರಡು ದಿನ ಮಂಕು ಅನಿಸುತ್ತದೆ, ಕಣ್ಣು ಹೊಂದಿಕೊಳ್ಳುತ್ತದೆ. ಪರದೆ ಉರಿಯುವಷ್ಟು ಪ್ರಕಾಶವಿದ್ದರೆ ನೀವು ದೃಶ್ಯವನ್ನು ಕತ್ತಲು ಮಾಡುತ್ತಾ ಹೋಗುತ್ತೀರಿ. ಮನೆಯವರಿಗೆ ಅದು ರಾತ್ರಿ ಮಾಡಿದ ಮದುವೆಯಂತೆ ಕಾಣುತ್ತದೆ.

ಇನ್ನೊಂದು ಮಾತು, ಇದು ಮನಸ್ಸಿನಿಂದ ಹೇಳುವುದು. ನಮ್ಮ ಕಡೆ ಬಿಸಿಲುಂಡ ಕಪ್ಪು ಮೈಬಣ್ಣದವರು ಬಹಳ. ಕಳಪೆ ಪರದೆಯಲ್ಲಿ ಆ ಮುಖದ ಗೆರೆ, ಕಣ್ಣಿನ ಸುತ್ತಲ ನೆರಳು ಕಾಣುವುದೇ ಇಲ್ಲ. ಕಾಣಲಿ ಅಂತ ಎಡಿಟರ್ ಬೆಳಕು ಏರಿಸುತ್ತಾನೆ, ಮುಖ ಬೂದಿ ಬಳಿದಂತೆ ಆಗುತ್ತದೆ. ಆ ಹುಡುಗಿ ಹಾಗಿಲ್ಲವಲ್ಲ. ಒಳ್ಳೆಯ ಪರದೆಯಲ್ಲಿ ಅದೇ ಮುಖ ತಾಮ್ರದಂತೆ ಹೊಳೆಯುತ್ತದೆ, ನೀವು ಕೈ ಹಚ್ಚುವ ಅಗತ್ಯವೇ ಬೀಳುವುದಿಲ್ಲ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಬಣ್ಣವನ್ನು ಅಳೆದು ತೋರಿಸುವ ವೆಕ್ಟರ್‌ಸ್ಕೋಪ್ ಅನ್ನುವ ನಕ್ಷೆಯಲ್ಲಿ ಮೈಬಣ್ಣದ ಗೆರೆ ಅಂತ ಒಂದಿದೆ. ಕಪ್ಪಿರಲಿ, ಬಿಳಿಯಿರಲಿ, ಎಲ್ಲರ ಚರ್ಮವೂ ಆ ಗೆರೆಯ ಹತ್ತಿರವೇ ಬೀಳುತ್ತದೆ. ವ್ಯತ್ಯಾಸ ಇರುವುದು ಹೆಚ್ಚಾಗಿ ಬೆಳಕಿನಲ್ಲಿ. ಅರಿಷಿಣ ಹಚ್ಚುವ ದೃಶ್ಯದಲ್ಲಿ ಮಾತ್ರ ಈ ಗೆರೆಯನ್ನು ನಂಬಬೇಡಿ. ಮುಖದ ಮೇಲೆ ಇರುವುದೇ ಅರಿಷಿಣ, ಅದು ಹಳದಿ ಕಡೆ ಇರಬೇಕು. ಅಲ್ಲಿ ಹಲ್ಲು, ಬಿಳಿ ಗೋಡೆ, ಬಿಳಿ ಪಾತ್ರೆ ನೋಡಿ ತಿದ್ದಿ. ಹಿರಿಯರ ಧೋತರ, ಟೊಪ್ಪಿಗೆ ನೋಡಿ ತಿದ್ದುವವರು ಹುಷಾರು. ಅದಕ್ಕೆ ನೀಲಿ ಹಾಕಿ ಒಗೆದಿರುತ್ತಾರೆ.

ಪ್ರಶ್ನೆ: ಬಿದರಿ ಕುಶಲಕರ್ಮಿಗಳ ಮೇಲೆ ಒಂದು ಡಾಕ್ಯುಮೆಂಟರಿ ಮಾಡುತ್ತಿದ್ದೇನೆ. ಬಿದರಿಯ ಕಪ್ಪು ನನ್ನ ಐಪಿಎಸ್ ಮಾನಿಟರಿನಲ್ಲಿ ಬೂದು ಕಾಣುತ್ತದೆ. ವಿಎ ಪ್ಯಾನೆಲ್ಲಿನಲ್ಲಿ ಕಪ್ಪು ಚೆನ್ನಾಗಿರುತ್ತದೆ ಅನ್ನುತ್ತಾರೆ. ಬದಲಾಯಿಸಲೇ?
- ಡಾಕ್ಯುಮೆಂಟರಿ ಮಾಡುವವನು, ಬೀದರ್

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಗ್ರೇಡಿಂಗ್ ಕಲಿಯುವವರಿಗೆ ಬಿದರಿಗಿಂತ ಒಳ್ಳೆಯ ಪಾಠ ನನಗಂತೂ ಗೊತ್ತಿಲ್ಲ. ಸತು ಮತ್ತು ತಾಮ್ರ ಕೂಡಿದ ಲೋಹ. ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಒಳಗೆ ಕೂರಿಸಿದ ಬೆಳ್ಳಿ ಹಾಗೇ ಬೆಳ್ಳಗೆ ಉಳಿಯುತ್ತದೆ. ಒಂದೇ ಹೂಜಿಯ ಮೇಲೆ ಅತಿ ಕಪ್ಪು, ಅತಿ ಬಿಳಿ ಎರಡೂ ಅಕ್ಕಪಕ್ಕ. ಆ ಕಪ್ಪು ಸತ್ತ ಕಪ್ಪಲ್ಲ. ಅದರೊಳಗೆ ಕೈಯ ಎಣ್ಣೆಯ ಹೊಳಪಿದೆ, ಉಳಿಯ ಗುರುತಿದೆ. ಅದನ್ನು ಉಳಿಸುವುದೇ ನಿಮ್ಮ ಕೆಲಸ.

ಈಗ ಪ್ಯಾನೆಲ್ ವಿಚಾರ. ಸಾಮಾನ್ಯ ಐಪಿಎಸ್ಸಿನ ಕಾಂಟ್ರಾಸ್ಟ್ 1000:1. ಬಿಳಿ 100 ನಿಟ್ಸ್ ಇಟ್ಟರೆ ಕಪ್ಪು 0.1 ನಿಟ್. ವಿಎಯಲ್ಲಿ 3000:1 ಸಿಗುತ್ತದೆ, ಕಪ್ಪು ಅದರ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಾಗದದ ಮೇಲೆ ವಿಎ ಗೆದ್ದಿತು. ಆದರೆ ವಿಎಯಲ್ಲಿ ನೇರವಾಗಿ ನೋಡಿದಾಗ ಅತಿ ಗಾಢ ಬಣ್ಣಗಳು ಒಂದರೊಳಗೊಂದು ಮುಳುಗುತ್ತವೆ. ಸ್ವಲ್ಪ ಪಕ್ಕಕ್ಕೆ ಸರಿದರೆ ಅವೇ ಮೇಲೆ ಬರುತ್ತವೆ. ಉಳಿಯ ಗುರುತು ಇದೆಯೋ ಇಲ್ಲವೋ ಅನ್ನುವುದು ನಿಮ್ಮ ಕುತ್ತಿಗೆ ಎಲ್ಲಿದೆ ಅನ್ನುವುದರ ಮೇಲೆ ನಿಂತರೆ ಗ್ರೇಡಿಂಗ್ ಹೇಗೆ ಮಾಡುತ್ತೀರಿ? ಸಿನಿಮಾ ನೋಡಲು ವಿಎ ಚೆಂದ. ನಿಮ್ಮ ಕೆಲಸಕ್ಕೆ ಐಪಿಎಸ್ಸೇ ಇರಲಿ.

ಮಾನಿಟರ್ ಬದಲಾಯಿಸುವ ಮುಂಚೆ ಒಂದು ಕಡೆ ನೋಡಿ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಜೋಡಿಸಿದಾಗ ಕಂಪ್ಯೂಟರ್ ಕೆಲವೊಮ್ಮೆ ಮಾನಿಟರನ್ನು ಟಿವಿ ಅಂದುಕೊಳ್ಳುತ್ತದೆ. ಆಗ ಕಪ್ಪಿನಿಂದ ಬಿಳಿಯವರೆಗಿನ ಮೆಟ್ಟಿಲುಗಳನ್ನು 0ಯಿಂದ 255ರ ಬದಲು 16ರಿಂದ 235ರವರೆಗೆ ಮಾತ್ರ ಕಳಿಸುತ್ತದೆ. ಮಾನಿಟರ್ ಅದನ್ನು ಪೂರ್ತಿ ಅಂತ ಓದಿದರೆ ಕಪ್ಪೆಲ್ಲ ಬೂದು. ಎನ್‌ವಿಡಿಯಾ ಕಾರ್ಡ್ ಇದ್ದರೆ ಅದರ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಔಟ್‌ಪುಟ್ ಡೈನಾಮಿಕ್ ರೇಂಜ್ ಅಂತ ಇದೆ, ಅದನ್ನು ಫುಲ್ ಮಾಡಿ. ಮಾನಿಟರಿನ ಮೆನುವಿನಲ್ಲೂ ಆರ್‌ಜಿಬಿ ರೇಂಜ್ ನೋಡಿ. ಎರಡೂ ಒಂದೇ ಇರಬೇಕು. ಬೂದು ಕಪ್ಪಿನ ದೂರು ನನ್ನ ಹತ್ತಿರ ಬಂದಾಗ ನಾನು ಮೊದಲು ನೋಡುವುದು ಇದನ್ನೇ.

ಅದಾದ ಮೇಲೂ ಬೂದು ಅನಿಸಿದರೆ ಕೋಣೆ ನೋಡಿ. ಪೂರ್ತಿ ಕತ್ತಲಲ್ಲಿ ಕೂತರೆ ಐಪಿಎಸ್ಸಿನ ಕಪ್ಪು ಬೂದಾಗಿಯೇ ಕಾಣುತ್ತದೆ. ಮಾನಿಟರಿನ ಹಿಂದೆ ಗೋಡೆಗೆ ಬೀಳುವಂತೆ 6500 ಕೆಲ್ವಿನ್ನಿನ ಒಂದು ಸಣ್ಣ ಲೈಟ್ ಇಡಿ. ಗೋಡೆಯ ಬೆಳಕು ಪರದೆಯ ಬಿಳಿಯ ಹತ್ತರಲ್ಲಿ ಒಂದು ಪಾಲು ಇದ್ದರೆ ಸಾಕು. ಕಣ್ಣಿಗೆ ಕಪ್ಪು ಆಗಲೇ ಕಪ್ಪಾಗಿ ಕಾಣುತ್ತದೆ. ಆ ಗೋಡೆ ತಿಳಿ ಬೂದು ಬಣ್ಣದ್ದಿರಲಿ. ನಮ್ಮ ಮನೆಗಳಲ್ಲಿ ಗೋಡೆಗೆ ಗಿಳಿ ಹಸಿರು, ಗುಲಾಬಿ ಬಳಿಯುವುದು ರೂಢಿ, ಅಲ್ವಾ? ಹಸಿರು ಗೋಡೆಯ ಮುಂದೆ ಕೂತು ತಿದ್ದಿದವರ ಕಣ್ಣು ಹಸಿರಿಗೆ ಒಗ್ಗಿರುತ್ತದೆ, ಗೊತ್ತಾಗದೆ ಗುಲಾಬಿ ಸೇರಿಸುತ್ತಾರೆ. ಬಣ್ಣ ಬಳಿಸಲು ಆಗದಿದ್ದರೆ ಬೂದು ಬಟ್ಟೆ ಇಳಿಬಿಡಿ.

ಕೊನೆಗೆ ಸಾಫ್ಟ್‌ವೇರಿನಲ್ಲಿ ವೇವ್‌ಫಾರ್ಮ್ ನೋಡಿ. ಚಿತ್ರದ ಕಪ್ಪನ್ನು ಕೆಳಗೆ, ಬಿಳಿಯನ್ನು ಮೇಲೆ ತೋರಿಸುವ ನಕ್ಷೆ ಅದು. ಬಿದರಿಯ ಕಪ್ಪು ತಳ ಮುಟ್ಟದೆ ಅದರ ಸ್ವಲ್ಪ ಮೇಲೆ ನಿಲ್ಲಲಿ. ಬೆಳ್ಳಿಯ ಹೊಳಪು ಮೇಲಿನ ಗೆರೆಗೆ ಚಪ್ಪಟೆಯಾಗಿ ಅಂಟಿಕೊಳ್ಳದಿರಲಿ. ಪರದೆ ಎಂಥದೇ ಇರಲಿ, ವೇವ್‌ಫಾರ್ಮ್ ತೋರಿಸುವುದು ಫೈಲಿನ ಒಳಗಿರುವುದನ್ನೇ.

ಪ್ರಶ್ನೆ: ಮೇಡಂ, ಹೊಸ ಮಾನಿಟರ್ ಕೊಂಡೆ. 95% ಡಿಸಿಐ-ಪಿ3, ಎಚ್‌ಡಿಆರ್ 400 ಎಲ್ಲಾ ಇದೆ. ನೋಡಲು ಬಹಳ ಚೆಂದ. ಆದರೆ ನಾನು ಗ್ರೇಡ್ ಮಾಡಿದ್ದು ಬೇರೆಯವರ ಫೋನಿನಲ್ಲಿ ಸಪ್ಪೆ ಕಾಣುತ್ತದೆ.
- ಯೂಟ್ಯೂಬ್ ಚಾನೆಲ್ ನಡೆಸುವವರು, ಆಳಂದ

ಉತ್ತರ: ಮಾನಿಟರ್ ಕೆಟ್ಟದ್ದಲ್ಲ, ಗಾಬರಿ ಬೇಡ. ಶಹಾಪುರದವರ ಸಮಸ್ಯೆ ಇಲ್ಲಿ ತಿರುಗಾಮುರುಗಾ ಆಗಿದೆ. ಪಿ3 ಅನ್ನುವುದು ಸಿನಿಮಾ ಪ್ರೊಜೆಕ್ಷನ್ನಿಗೆ ಮಾಡಿದ, ಎಸ್‌ಆರ್‌ಜಿಬಿಗಿಂತ ದೊಡ್ಡ ಹರವು. ರೆಕ್ 709ರ ಕೆಂಪನ್ನು ಪಿ3 ಪರದೆಗೆ ಹಾಗೇ ಕಳಿಸಿದರೆ ಅದು ತನ್ನ ಇನ್ನೂ ಗಾಢವಾದ ಕೆಂಪನ್ನು ತೋರಿಸುತ್ತದೆ. ಎಲ್ಲ ಬಣ್ಣವೂ ಹೆಚ್ಚಾಯಿತು ಅಂತ ನೀವು ಇಳಿಸುತ್ತೀರಿ, ಬೇರೆಯವರಿಗೆ ಸಪ್ಪೆ ಸಿಗುತ್ತದೆ. ಮೆನುವಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಇದ್ದರೆ ಹಾಕಿ. ಕೆಲವು ಮಾನಿಟರುಗಳಲ್ಲಿ ಆ ಮೋಡಿನಲ್ಲಿ ಬ್ರೈಟ್‌ನೆಸ್ ಬದಲಿಸಲು ಬಿಡುವುದಿಲ್ಲ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಇದನ್ನು ಒತ್ತಿ ನೋಡಬೇಕು, ಬೇರೆ ಓದುಗರೂ ಗಮನಿಸಿ. ಎಡಿಟಿಂಗಿಗೆ ಪ್ರೀಮಿಯರ್ ಪ್ರೋ ಸಾಫ್ಟ್‌ವೇರ್ ಬಳಸುವವರಾದರೆ ಸೆಟ್ಟಿಂಗಿನಲ್ಲಿ ಡಿಸ್‌ಪ್ಲೇ ಕಲರ್ ಮ್ಯಾನೇಜ್‌ಮೆಂಟ್ ಆನ್ ಮಾಡಿ. ಡಾವಿಂಚಿ ರಿಸಾಲ್ವ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ವಿಂಡೋಸಿನಲ್ಲಿ ಮಾನಿಟರಿನ ಪ್ರೊಫೈಲ್ (ಅದರ ಬಣ್ಣದ ವಿವರ ಇರುವ ಫೈಲು) ನೋಡುವುದಿಲ್ಲ, ಹಾಗಾಗಿ ಅಲ್ಲಿ ಮಾನಿಟರಿನ ಮೋಡೇ ಗತಿ.

ಎಚ್‌ಡಿಆರ್ ಅಂದರೆ ಅತಿ ಕಪ್ಪಿನಿಂದ ಅತಿ ಪ್ರಕಾಶದವರೆಗೆ ತೋರಿಸುವ ವಿಡಿಯೋ. ನಿಮ್ಮ ಎಚ್‌ಡಿಆರ್ 400 ಮುದ್ರೆಯನ್ನು ಮಾತ್ರ ಮರೆತುಬಿಡಿ. ಪರದೆ 400 ನಿಟ್ಸ್‌ವರೆಗೆ ಹೋಗುತ್ತದೆ ಅಂತ ಅರ್ಥ, ಅಷ್ಟೇ. ಬೇರೆ ಬೇರೆ ಜಾಗದ ಬೆಳಕನ್ನು ಬೇರೆಯಾಗಿ ಇಳಿಸುವ ಏರ್ಪಾಡು ಅದಕ್ಕೆ ಕಡ್ಡಾಯವಿಲ್ಲ. ಆ ಪರದೆಯಲ್ಲಿ ಎಚ್‌ಡಿಆರ್ ಗ್ರೇಡ್ ಮಾಡಲಾಗದು. ವಿಂಡೋಸಿನಲ್ಲಿ ಎಚ್‌ಡಿಆರ್ ಬಂದ್ ಮಾಡಿಯೇ ಕೆಲಸ ಮಾಡಿ.

ಪ್ರಶ್ನೆ: ಅಕ್ಕಾ, ನಾನು ಕಲಬುರಗಿಯಲ್ಲಿ ಓದುತ್ತಿದ್ದೇನೆ. ಕಿರುಚಿತ್ರ ಮಾಡುವ ಆಸೆ. ಕೈಯಲ್ಲಿ 7 ಸಾವಿರ ಇದೆ. ಸೆಕೆಂಡ್ ಹ್ಯಾಂಡ್ ತಗೋಬಹುದಾ?
- ಡಿಗ್ರಿ ವಿದ್ಯಾರ್ಥಿ

ಉತ್ತರ: ತಗೋ ತಮ್ಮಾ, ತಪ್ಪೇನಿಲ್ಲ. ಕಚೇರಿಗಳು ಬದಲಾಯಿಸಿದ ಹಳೆಯ ಮಾನಿಟರುಗಳಲ್ಲಿ ಡೆಲ್ ಅಲ್ಟ್ರಾಶಾರ್ಪ್‌ನಂಥ ಒಳ್ಳೆಯ ಐಪಿಎಸ್ ಸಿಗುತ್ತವೆ. ಅದೇ ದುಡ್ಡಿಗೆ ಸಿಗುವ ಹೊಸ ಅಗ್ಗದ ಮಾನಿಟರಿಗಿಂತ ಎಷ್ಟೋ ಸಲ ಅವೇ ಮೇಲು. ಸೂಪರ್ ಮಾರ್ಕೆಟ್ ಕಡೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಕೇಳು. ಹೈದರಾಬಾದಿಗೆ ಹೋಗುವವರು ಯಾರಾದರೂ ಇದ್ದರೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲೂ ವಿಚಾರಿಸಲಿ.

ಬರಿಗೈಲಿ ಹೋಗಬೇಡ. ಪೂರ್ತಿ ಕಪ್ಪು, ಬಿಳಿ, ಬೂದು, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗು. ಮಾನಿಟರ್ ಅರ್ಧ ಗಂಟೆ ಆನ್ ಇರಲಿ, ಬಿಸಿಯಾಗದೆ ಅದರ ನಿಜವಾದ ಬಣ್ಣ ಬರುವುದಿಲ್ಲ. ಬೂದು ಚಿತ್ರ ಹಾಕಿ ಮೂಲೆಗಳನ್ನು ನೋಡು. ಒಂದು ಬದಿ ಹಳದಿ, ಇನ್ನೊಂದು ಬದಿ ಗುಲಾಬಿ ಇದ್ದರೆ ಬಿಟ್ಟುಬಿಡು, ಅದನ್ನು ಯಾವ ಸೆಟ್ಟಿಂಗೂ ಸರಿಮಾಡದು. ಕಪ್ಪು ಚಿತ್ರ ಹಾಕಿ ಅಂಚಿನಿಂದ ಬೆಳಕು ಸೋರುತ್ತದೆಯಾ ನೋಡು. ಉಳಿದ ಬಣ್ಣಗಳಲ್ಲಿ ಸತ್ತ ಪಿಕ್ಸೆಲ್ ಕಾಣುತ್ತದೆ. ಮೂಲೆಯಲ್ಲಿ ಒಂದಿದ್ದರೆ ಚೌಕಾಸಿ ಮಾಡಿ ತಗೋ. ಬ್ರೈಟ್‌ನೆಸ್ 100ಕ್ಕೆ ಏರಿಸಿದರೂ ಮಂಕಾಗಿದ್ದರೆ ಬ್ಯಾಕ್‌ಲೈಟಿನ ಆಯುಸ್ಸು ಮುಗಿದಿದೆ. ವಿಜಿಎ ಕೇಬಲ್ ಕೊಟ್ಟರೆ ಬೇಡ ಅನ್ನು, ಎಚ್‌ಡಿಎಂಐ ಅಥವಾ ಡಿಸ್‌ಪ್ಲೇ ಪೋರ್ಟ್ ಕೇಳು. ಡಾವಿಂಚಿ ರಿಸಾಲ್ವ್ ಪುಕ್ಕಟೆ ಆವೃತ್ತಿ ನಿನಗೆ ಸಾಕು, ಅದರಲ್ಲಿ ವೇವ್‌ಫಾರ್ಮ್, ವೆಕ್ಟರ್‌ಸ್ಕೋಪ್ ಎಲ್ಲಾ ಇವೆ. ಮೊದಲ ಕಿರುಚಿತ್ರ ಮುಗಿದಾಗ ನನಗೂ ಕಳಿಸು, ನೋಡಿ ಹೇಳುತ್ತೇನೆ.

ಪ್ರಶ್ನೆ: ಕ್ಯಾಲಿಬ್ರೇಷನ್ ಯಂತ್ರ ಕೊಳ್ಳಲೇಬೇಕಾ? ಅದರ ರೇಟು ಕೇಳಿ ಹೆದರಿಕೆ ಆಯಿತು.
- ಸ್ಟುಡಿಯೋ ಮಾಲೀಕರು, ಹುಮನಾಬಾದ್

ಉತ್ತರ: ಪರದೆಯ ಬಣ್ಣ ಅಳೆದು ಸರಿಪಡಿಸುವ ಈ ಯಂತ್ರವನ್ನು ಒಬ್ಬರೇ ಕೊಳ್ಳಬೇಡಿ. ವರ್ಷದಲ್ಲಿ ಕೆಲವೇ ಸಲ ಬಳಸುವ ವಸ್ತು ಅದು. ಬೀದರ್, ಭಾಲ್ಕಿ, ಬಸವಕಲ್ಯಾಣದ ನಾಲ್ಕೈದು ಸ್ಟುಡಿಯೋದವರು ಕೂಡಿ ಒಂದು ತಗೊಳ್ಳಿ, ಸರದಿಯಲ್ಲಿ ಬಳಸಿ. ಕ್ಯಾಲಿಬ್ರೈಟ್, ಡೇಟಾಕಲರ್ ಸ್ಪೈಡರ್ ಎರಡೂ ಸಿಗುತ್ತವೆ. ಮೊದಲು ಎಕ್ಸ್‌ರೈಟ್ ಹೆಸರಲ್ಲಿ ಬರುತ್ತಿದ್ದ ಐ1 ಡಿಸ್‌ಪ್ಲೇಯ ಸಾಲೇ ಈಗ ಕ್ಯಾಲಿಬ್ರೈಟ್ ಹೆಸರಲ್ಲಿದೆ. ಜೊತೆಗೆ ಡಿಸ್‌ಪ್ಲೇಕ್ಯಾಲ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ. ರಿಸಾಲ್ವ್ ಬಳಸುವವರು ಅದರಿಂದ 3ಡಿ ಲಟ್ (ಬಣ್ಣ ತಿದ್ದುವ ಪಟ್ಟಿ ಇರುವ ಫೈಲು) ಮಾಡಿಸಿ, ರಿಸಾಲ್ವಿನ ಕಲರ್ ಮ್ಯಾನೇಜ್‌ಮೆಂಟಿನಲ್ಲಿ ವ್ಯೂವರ್ ಲಟ್ ಇರುವ ಜಾಗದಲ್ಲಿ ಹಾಕಿಕೊಳ್ಳಬೇಕು. ಬಿಳಿಗೆ ಡಿ65 (ಸುಮಾರು 6500 ಕೆಲ್ವಿನ್ನಿನ ಬಿಳಿ), ಬೆಳಕಿಗೆ 100ರಿಂದ 120 ನಿಟ್ಸ್. ಗಾಮಾ, ಅಂದರೆ ಕಪ್ಪಿಗೂ ಬಿಳಿಗೂ ನಡುವಿನ ಬೆಳಕು ಏರುವ ರೀತಿ, ಬೆಳಕಿರುವ ಕೋಣೆಗೆ 2.2, ಮಬ್ಬುಗತ್ತಲ ಕೋಣೆಗೆ 2.4. ಎರಡು ತಿಂಗಳಿಗೊಮ್ಮೆ ಮಾಡಿದರೆ ಸಾಕು. ಒಂದು ವಿಷಯ ನೆನಪಿರಲಿ: 45% ಎನ್‌ಟಿಎಸ್‌ಸಿ ಪರದೆಯನ್ನು ಕ್ಯಾಲಿಬ್ರೇಟ್ ಮಾಡಿದರೂ ಅದರಲ್ಲಿ ಇಲ್ಲದ ಬಣ್ಣ ಬರುವುದಿಲ್ಲ. ಮಾನಿಟರ್ ಮೊದಲು, ಯಂತ್ರ ಆಮೇಲೆ.

ಪ್ರಶ್ನೆ: ಮನೆಯಲ್ಲಿ 43 ಇಂಚಿನ ಟಿವಿ ಇದೆ. ಅದನ್ನೇ ಮಾನಿಟರ್ ಮಾಡಿಕೊಂಡರೆ?
- ಓದುಗರು, ಸುರಪುರ

ಉತ್ತರ: ಗ್ರೇಡಿಂಗಿಗೆ ಬೇಡ. ಪಾರ್ಟಿಯವರಿಗೆ ತೋರಿಸಲು, ಕೊನೆಗೊಮ್ಮೆ ಪರೀಕ್ಷೆ ಮಾಡಲು ಇಟ್ಟುಕೊಳ್ಳಿ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದು, ಇಲ್ಲದಿದ್ದರೆ ಸಿನಿಮಾ ಮೋಡ್ ಹಾಕಿ. ಆಮೇಲೆ ವಿವಿಡ್ ಮೋಡಿಗೂ ಒಮ್ಮೆ ಹಾಕಿ ನೋಡಿ, ಏಕೆಂದರೆ ಬಹಳ ಮನೆಗಳಲ್ಲಿ ಟಿವಿ ಇರುವುದು ಹಾಗೇ. ಅಲ್ಲಿ ಮುಖ ತೀರಾ ಕೆಡದಿದ್ದರೆ ನಿಮ್ಮ ಕೆಲಸ ಗಟ್ಟಿ.

ಪ್ರಶ್ನೆ: ನಮ್ಮದು ಸಿಮೆಂಟ್ ಫ್ಯಾಕ್ಟರಿಗಳ ಊರು, ಧೂಳು ಬಹಳ. ಕರೆಂಟೂ ಹೋಗಿ ಬಂದು ಮಾಡುತ್ತದೆ. ಮಾನಿಟರ್ ಬಾಳಿಕೆ ಬರಲು ಏನು ಮಾಡಬೇಕು?
- ಫೋಟೋ ಸ್ಟುಡಿಯೋ, ಸೇಡಂ

ಉತ್ತರ: ಸಿಪಿಯು ಒಂದನ್ನೇ ಯುಪಿಎಸ್‌ಗೆ ಹಾಕಿ ಮಾನಿಟರನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕುವವರಿದ್ದಾರೆ. ಎರಡೂ ಯುಪಿಎಸ್ ಮೇಲೇ ಇರಲಿ. ಧೂಳನ್ನು ಮೊದಲು ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ, ಆಮೇಲೆ ಮೈಕ್ರೋಫೈಬರ್ ಬಟ್ಟೆಗೆ ಒಂದೆರಡು ಹನಿ ನೀರು ಹಾಕಿ ಒರೆಸಿ. ಧೂಳಿರುವಾಗಲೇ ಒರೆಸಿದರೆ ಗೀರು ಬೀಳುತ್ತದೆ. ಗಾಜು ಒರೆಸುವ ದ್ರಾವಣ ಪರದೆಗೆ ತಾಗಿಸಬೇಡಿ, ಮೇಲಿನ ಲೇಪನ ಹೋಗುತ್ತದೆ. ರಾತ್ರಿ ಮೇಲೊಂದು ಹತ್ತಿ ಬಟ್ಟೆ ಮುಚ್ಚಿ, ಆದರೆ ಸ್ವಿಚ್ ತೆಗೆದ ಮೇಲೆಯೇ.